ದಮ್ಮಿನ ಪೇಷೆಂಟ್ ಒಬ್ಬ ಹಾಕ್ಕೊಂಡು ನೋಡಿದ ನಾಕು ಮಾಸ್ಕ್, ಗಂಗಾವತಿಯಿಂದ ರಿವ್ಯೂ

ಮೊದಲ ನಂದು ಹೇಳಿಬಿಡ್ತೀನಿ, ಇಲ್ಲಂದ್ರ ಈ ರಿವ್ಯೂ ಯಾರಿಗೆ ಅಂತ ತಿಳಿಯಂಗಿಲ್ಲ. ನಾನು ಬಸ್ ಕಂಡಕ್ಟರ್ ಆಗಿ ರಿಟೈರ್ ಆದವ, ವಯಸ್ಸು 63, ಊರು ಕೊಪ್ಪಳ ಜಿಲ್ಲೆ ಗಂಗಾವತಿ. ನನಗ ಸಿಒಪಿಡಿ ಐತಿ, ಅಂದ್ರ ಪುಪ್ಪುಸದ ನಳಿಗಳು ಸಣ್ಣಾಗಿ ಉಸಿರು ಕಟ್ಟೋ ರೋಗ. ಊರಾಗ ಎಲ್ಲಾರೂ ದಮ್ಮು ಅಂತಾರ, ನಾನೂ ಹಂಗ ಅಂತಿದ್ದೆ, ಊದೋ ಟೆಸ್ಟ್ ಮಾಡಿಸಿದ ಮ್ಯಾಲ ಇಂಗ್ಲಿಷ್ ಹೆಸರು ಗೊತ್ತಾತು. ಜೋರಾಗಿ ಊದಿದ್ರ ಮೊದಲನೇ ಸೆಕೆಂಡಿನಾಗ ಎಷ್ಟು ಗಾಳಿ ಹೊರಗ ಬರ್ತೈತಿ ಅಂತ ಅಳೀತಾರಲ್ಲ, ಎಫ್‌ಇವಿ1 ಅಂತ, ಅದು ನಂದು ಇರಬೇಕಾದ್ದರಾಗ 44 ಪರ್ಸೆಂಟ್. ಇಪ್ಪತ್ತೈದು ವರ್ಷ ಬೀಡಿ, ಸಣ್ಣಾವ ಇದ್ದಾಗ ಅಡಗಿ ಮನ್ಯಾಗ ಒಲಿ ಹೊಗಿ, ಆಮ್ಯಾಲ ಸಿಂಧನೂರು ಮಾನ್ವಿ ರೋಡಿನ ಧೂಳು, ಯಾವುದರದು ಎಷ್ಟು ಪಾಲು ಅಂತ ಲೆಕ್ಕ ಹಾಕಾಕ ಆಗಂಗಿಲ್ಲ. ಬೀಡಿ ಬಿಟ್ಟು ಒಂಬತ್ತು ವರ್ಷ ಆತು. ಸಾಪ್ ಜಾಗದಾಗ ನಮ್ಮ ವಯಸ್ಸಿನವರ ಜೋಡಿ ನಡದ್ರ ನಾನು ಹಿಂದ ಬೀಳ್ತೀನಿ, ನನ್ನ ಪಾಡಿಗೆ ನಾನು ನಡದ್ರೂ ಆಗಾಗ ನಿಂತು ಉಸಿರು ತಗೋಬೇಕು, ಅದು ನನ್ನ ಮಟ್ಟ. ಇದಕ್ಕಿಂತ ಜಾಸ್ತಿ ಇದ್ದವರು ನಾನು ಬರೆದಿದ್ದು ಓದಿ ಹಂಗ ಮಾಡಾಕ ಹೋಗಬ್ಯಾಡ್ರಿ, ನಿಮ್ಮ ಡಾಕ್ಟ್ರನ್ನ ಕೇಳ್ರಿ.

ಕೊರೊನಾ ಮುಗಿದು ಇಷ್ಟು ವರ್ಷ ಆತು, ಈಗ್ಯಾಕ ಮಾಸ್ಕ್ ಅಂತ ಕೇಳ್ತೀರಿ. ಗಂಗಾವತಿ ಕಡೆ ಒಮ್ಮೆ ಭತ್ತದ ಕಟಾವಿನ ಟೈಮಿನಾಗ ಬಂದು ನೋಡ್ರಿ. ಸೋನಾ ಮಸೂರಿ ತಿನ್ನೋರಿಗೆಲ್ಲಾ ನಮ್ಮೂರು ಗೊತ್ತು, ಅದರ ಹೊಟ್ಟು ಎಲ್ಲಿಗೆ ಹೋಗ್ತೈತಿ ಅನ್ನೋದು ನಮಗ ಗೊತ್ತು. ಹೊಲದಾಗ ಮಷಿನ್ ಹೊಡಿಯಾಕತ್ತಿದ್ರ ರೋಡಿನ ತನಕ ಧೂಳು, ಭತ್ತ ಒಣಗಹಾಕಿದ ಕಣದಾಗ ಧೂಳು, ಮಿಲ್ಲಿನ್ಯಾಗ ಹೊಟ್ಟನ್ನ ಬಾಯ್ಲರಿಗೆ ಉರುವಲು ಮಾಡ್ತಾರ, ಅದರ ಕರಿ ಬೂದಿ ಗಾಳಿ ಬಂದ ಕಡೆ ಬೀಳ್ತೈತಿ. ನಮ್ಮ ಮಾಳಿಗಿ ಮ್ಯಾಲ ಬಿಳಿ ಬನಿಯನ್ ಒಣಗಹಾಕಿದ್ರ ಸಂಜಿಗೆ ಅದರ ಮ್ಯಾಲ ಕರಿ ಮೆಣಸಿನ ಪುಡಿ ಉದುರಿಸಿದಂಗ ಆಗಿರ್ತೈತಿ. ಆರೋಗ್ಯ ಗಟ್ಟಿ ಇದ್ದವರು ಒಮ್ಮೆ ಕೆಮ್ಮಿ ಮುಂದ ಹೋಗ್ತಾರ. ನನಗ ಹೋದ ವರ್ಷ ಕಾರ್ತಿಕದಾಗ ನೆಗಡಿ ಒಂದು ಹತ್ತಿತು, ಅದರ ಮ್ಯಾಲ ಈ ಧೂಳು, ಮೂರನೇ ದಿನಕ್ಕ ಕುಂತಲ್ಲೇ ಏದುಸಿರು, ಐದು ದಿನ ಆಸ್ಪತ್ರ್ಯಾಗ ನೆಬ್ಯುಲೈಸರ್, ಆಕ್ಸಿಜನ್, ಇಂಜೆಕ್ಷನ್. ಡಿಸ್ಚಾರ್ಜ್ ಮಾಡೋವಾಗ ಎದೆ ಡಾಕ್ಟ್ರು ಹೇಳಿದ್ದು ಇಷ್ಟ: ‘ಯಜಮಾನ್ರೇ, ಈ ಥರ ಅಟ್ಯಾಕ್ ಬಂದಾಗೆಲ್ಲಾ ಪುಪ್ಪುಸ ಸ್ವಲ್ಪ ಸ್ವಲ್ಪ ಹೋಗ್ತದೆ, ಹೋಗಿದ್ದು ವಾಪಸ್ ಬರಲ್ಲ. ಧೂಳಿಗೆ, ಗದ್ದಲಕ್ಕೆ ಹೋಗೋದಾದ್ರೆ ಮಾಸ್ಕ್ ಹಾಕ್ಕೊಳ್ಳಿ.’ ಯಾವ ಮಾಸ್ಕ್ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಹೊರಗ ಮೂವತ್ತು ಮಂದಿ ಕುಂತಿದ್ರು.

ಅಲ್ಲಿಂದ ಶುರುವಾತು ನೋಡ್ರಿ.

ಮೊದಲ ಹಾಕ್ಕೊಂಡಿದ್ದು ಟವೆಲ್. ಅದನ್ನ ಮಾಸ್ಕ್ ಅಂತ ಲೆಕ್ಕಕ್ಕ ತಗೋಬೇಕೋ ಬ್ಯಾಡೋ ಗೊತ್ತಿಲ್ಲ, ಆದ್ರ ನಮ್ಮ ಕಡೆ ಅರ್ಧ ಮಂದಿ ಮಾಡೋದು ಅದ. ಒಬ್ಬ ದೋಸ್ತ ಹಸಿ ಮಾಡ್ಕೊಂಡು ಕಟ್ಟು ಧೂಳು ಹಿಡೀತೈತಿ ಅಂದ. ಹಸಿ ಅರಿವ್ಯಾಗ ಉಸಿರು ಎಳ್ಯೋದು ಅಂದ್ರ ಮೂಗು ಹಿಡ್ಕೊಂಡು ನೀರಾಗ ಮುಳುಗಿದಂಗ, ಎರಡು ನಿಮಿಷಕ್ಕ ಕಿತ್ತು ಹೆಗಲ ಮ್ಯಾಲ ಹಾಕ್ಕೊಂಡೆ. ಒಣಾ ಟವೆಲ್ ಆದ್ರ ಉಸಿರಿಗೆ ಅಡ್ಡಿ ಇಲ್ಲ, ಧೂಳಿಗೂ ಅಷ್ಟ ಅಡ್ಡಿ ಇಲ್ಲ. ಇದರ ಬಗ್ಗೆ ಇಷ್ಟ ಸಾಕು.

ಎರಡನೇದು ನೀಲಿ ಬಣ್ಣದ ತ್ರೀ ಪ್ಲೈ, ಸರ್ಜಿಕಲ್ ಮಾಸ್ಕ್ ಅಂತಾರಲ್ಲ ಅದು. ಐವತ್ತರ ಬಾಕ್ಸ್ 150 ರೂಪಾಯಿಗೆ ತಂದೆ. ಇದನ್ನ ನಾನು ಸುಮಾರು ಒಂದು ವರ್ಷ ಹಾಕೀನಿ, ಬಸ್ಸಿನ್ಯಾಗ, ಆಸ್ಪತ್ರಿ ಕ್ಯೂನಾಗ, ಮದಿವ್ಯಾಗ. ಉಸಿರು ಸರಾಗ ಆಡ್ತೈತಿ. ಮೊದಲ ಐದು ನಿಮಿಷ ಮನಸ್ಸಿಗೆ ಒಂಥರಾ ಕಟ್ಟಿ ಹಾಕಿದಂಗ ಅನ್ನಿಸ್ತೈತಿ, ಆಮ್ಯಾಲ ಮರ್ತು ಹೋಗ್ತೈತಿ, ಒಮ್ಮೆ ಮರ್ತು ಹಂಗ ಚಾ ಕುಡಿಯಾಕ ಹೋಗಿ ಮಾಸ್ಕ್ ಎಲ್ಲಾ ಚಾ ಮಾಡ್ಕೊಂಡೀನಿ. ನಮ್ಮ ಮಗಳು ಬಿ ಫಾರ್ಮಾ ಮಾಡ್ಯಾಳ, ಮೆಡಿಕಲ್ ಶಾಪಿನ್ಯಾಗ ಕೆಲಸ, ಆಕಿಗೆ ನಾನು ದಿನಾ ಕೇಳ್ತಿದ್ದೆ, ಅಲ್ಲವ್ವಾ, ಬಿಟ್ಟ ಉಸಿರನ್ನ ತಿರುಗಿ ನಾನ ತಗೋತೀನಲ್ಲ, ಆ ಕೆಟ್ಟ ಗಾಳಿ ಒಳಗ ಸೇರಂಗಿಲ್ಲೇನು ಅಂತ. ಆಕಿ ಹುಡುಕಿ ಓದಿ ಹೇಳಿದ್ದು ಏನಂದ್ರ, ಅಮೆರಿಕದಾಗ 2020ರಾಗ ಇದನ್ನ ಟೆಸ್ಟ್ ಮಾಡ್ಯಾರ, ಆರೋಗ್ಯ ಚಲೋ ಇದ್ದ 15 ಮಂದಿ, ತೀವ್ರ ಸಿಒಪಿಡಿ ಇದ್ದ 15 ಮಂದಿ, ಎಲ್ಲಾರಿಗೂ ಸರ್ಜಿಕಲ್ ಮಾಸ್ಕ್ ಹಾಕಿಸಿ ಅರ್ಧ ತಾಸು ಕುಂದ್ರಿಸಿ ನೋಡ್ಯಾರ, ಆಮ್ಯಾಲ ಸಿಒಪಿಡಿ ಇದ್ದವರನ್ನ ಆರು ನಿಮಿಷ ನಡಿಸ್ಯಾರ. ಮಾಸ್ಕಿನಿಂದ ಆಕ್ಸಿಜನ್ ಇಳಿದಿದ್ದಾಗಲಿ ಕಾರ್ಬನ್ ಡೈಆಕ್ಸೈಡ್ ಏರಿದ್ದಾಗಲಿ ಹೇಳಿಕೊಳ್ಳೋ ಅಂಥದ್ದು ಏನೂ ಸಿಗಲಿಲ್ಲಂತ. ಬರೇ 30 ಮಂದಿ ಅನ್ನೋದೂ ಖರೆ, ಆದ್ರ ನನ್ನಂಥವರನ್ನ ಕುಂದ್ರಿಸಿ ನೋಡ್ಯಾರಲ್ಲ ಅಂತ ಸಮಾಧಾನ ಆತು. ಈ ಮಾಸ್ಕಿಗೆ ನಾಕೂ ಕಡೆ ಸಂದಿ ಇರ್ತಾವ, ಉಸಿರು ಆ ಸಂದಿಯಿಂದ ಓಡಾಡ್ತೈತಿ, ಅದಕ್ಕ ಆರಾಮ.

ಆದ್ರ ಉಸಿರು ಓಡಾಡೋ ಸಂದ್ಯಾಗ ಧೂಳೂ ಓಡಾಡ್ತೈತಿ. ಮಿಲ್ ಲೈನಿನ್ಯಾಗ ಒಮ್ಮೆ ಇದನ್ನ ಹಾಕ್ಕೊಂಡು ಹೋಗಿ ಬಂದು ಮಾಸ್ಕ್ ತಗದು ನೋಡಿದೆ, ಮೂಗಿನ ಎರಡೂ ಬಾಜೂ ಕಣ್ಣಿನ ಕೆಳಗ ಕರಿ ಗೆರಿ ಬಿದ್ದಿತ್ತು. ಮಾಸ್ಕ್ ಒಳಗಿನ ಮೈ ಬೆಳ್ಳಗ, ಅದರ ಅಂಚಿನ್ಯಾಗ ಮಾತ್ರ ಕರಿ. ಎಲ್ಲಿಂದ ಹೊಕ್ಕೈತಿ ಅಂತ ತಾನ ಬರೆದುಕೊಟ್ಟಂಗ ಇತ್ತು. ಒಂದರ ಮ್ಯಾಲ ಒಂದು ಎರಡು ಹಾಕ್ಕೊಂಡೂ ನೋಡಿದೆ, ಉಸಿರು ಬಿಗಿ ಆತೇ ಹೊರತು ಕರಿ ಗೆರಿ ಹೋಗಲಿಲ್ಲ.

ಅದಕ್ಕ ಮೂರನೇದು, ಎನ್95. ಇದರ ಕಥಿ ಸ್ವಲ್ಪ ಉದ್ದ ಐತಿ.

ಮೊದಲನೇ ಎನ್95 ಬಜಾರದಾಗ ಒಂದು ಅಂಗಡ್ಯಾಗ 40 ರೂಪಾಯಿಗೆ ಸಿಕ್ಕಿತು, ಮ್ಯಾಲ ದಪ್ಪ ಅಕ್ಷರದಾಗ ಎನ್95 ಅಂತ ಪ್ರಿಂಟ್, ಕಿವಿಗೆ ಸಿಗಿಸೋ ದಾರ. ಅಗ್ಗ ಆತಲ್ಲ ಅಂತ ಐದು ತಂದೆ. ಮಗಳು ನೋಡಿ ಪ್ಯಾಕೆಟ್ ತಿರುವಿ ಮುರುವಿ ‘ಅಪ್ಪಾ, ಇದರ ಮ್ಯಾಲ ಐಎಸ್ 9473 ಅಂತ ಎಲ್ಲಿ ಐತಿ ತೋರಿಸು’ ಅಂದ್ಲು. ಅದು ನಮ್ಮ ದೇಶದ ಐಎಸ್ಐ ನಂಬರಂತ, ಧೂಳು ತಡೆಯೋ ಮಾಸ್ಕಿಗೆ. ಅದರಾಗ ಎಫ್‌ಎಫ್‌ಪಿ1, ಎಫ್‌ಎಫ್‌ಪಿ2, ಎಫ್‌ಎಫ್‌ಪಿ3 ಅಂತ ಮೂರು ಕ್ಲಾಸ್, ಒಂದಕ್ಕಿಂತ ಒಂದು ಜಾಸ್ತಿ ತಡೀಬೇಕು, ಎಫ್‌ಎಫ್‌ಪಿ2 ಅಂದ್ರ 94 ಪರ್ಸೆಂಟ್. ಎನ್95 ಅನ್ನೋದು ಅಮೆರಿಕದವರ ಲೆಕ್ಕ, 0.3 ಮೈಕ್ರಾನ್ ಸೈಜಿನ ಕಣ ನೂರಕ್ಕ 95 ತಡೀಬೇಕು ಅಂತ. ನಂದರ ಮ್ಯಾಲ ಇದ್ಯಾವುದೂ ಇರಲಿಲ್ಲ, ಬರೇ ಎನ್95 ಅನ್ನೋ ಹೆಸರು. ಹಾಕ್ಕೊಂಡು ಕನ್ನಡಕ ಇಟ್ರ ಕನ್ನಡಕ ಮಂಜು ಹಿಡೀತು, ಅಂದ್ರ ಮೂಗಿನ ಹತ್ರ ಸಂದಿ ಐತಿ ಅಂತ ಅರ್ಥ. ಆ ಐದೂ ಮಾಸ್ಕ್ ನಮ್ಮಾಕಿ ಈಗ ಖಾರ ಕುಟ್ಟೋವಾಗ ಹಾಕ್ಕೋತಾಳ, ಅದಕ್ಕ ಚಲೋ ಅದಾವ.

ಎರಡನೇ ಸಲ ಮಗಳ ಅಂಗಡಿಯಿಂದನ ಅಸಲಿದು ತರಿಸಿದೆ, 90 ರೂಪಾಯಿ ಒಂದು, ಬಟ್ಟಲಿನ ಆಕಾರ, ತಲಿ ಹಿಂದ ಎರಡು ಎಲಾಸ್ಟಿಕ್, ಒಂದು ಮ್ಯಾಲ ಒಂದು ಕುತ್ತಿಗಿಗೆ. ಮೊದಲ ಮೂರು ದಿನದ ಗಡ್ಡ ಬೋಳಿಸಬೇಕಾತು. ಗಡ್ಡ ಇದ್ರ ಚರ್ಮಕ್ಕ ಅಂಟಂಗಿಲ್ಲ, ಸಂದಿಯಿಂದ ಗಾಳಿ ಸೋರ್ತೈತಿ, ಆಗ 90 ರೂಪಾಯಿದೂ ಒಂದ 3 ರೂಪಾಯಿದೂ ಒಂದ. ಮೀಸಿ ಮಾಸ್ಕಿನ ಒಳಗ ಕುಂತ್ರ ನಡೀತೈತಿ, ನನ್ನ ಮೀಸಿ ಉಳೀತು.

ಹಾಕ್ಕೊಂಡು ಕೈಯಿಂದ ಮುಚ್ಚಿ ಉಸಿರು ಎಳದ್ರ ಮಾಸ್ಕ್ ಒಳಕ್ಕ ಸ್ವಲ್ಪ ಜಗ್ಗಿತು, ಅಂದ್ರ ಫಿಟ್ಟಿಂಗ್ ಬರೋಬ್ಬರಿ. ಸಂತಿ ಕಡೆ ಹೊಂಟೆ. ಐದು ನಿಮಿಷ ಏನೂ ಇಲ್ಲ. ಏಳನೇ ನಿಮಿಷಕ್ಕ ಬೆನ್ನು ಬೆವತು. ಹತ್ತನೇ ನಿಮಿಷಕ್ಕ ನನ್ನ ಉಸಿರಿನ ಸಪ್ಪಳ ನನಗ ಕೇಳಾಕತ್ತು, ಭುಜ ಎರಡೂ ಮ್ಯಾಲ ಕೆಳಗ ಏಳಾಕತ್ತವು. ಒಂದು ಮೆಣಸಿನಕಾಯಿ ಗಾಡಿ ಬಾಜೂ ಬಗ್ಗಿ ಮೊಣಕಾಲ ಮ್ಯಾಲ ಕೈ ಇಟ್ಟು ನಿಂತೆ. ಗಾಡಿ ಹೆಣ್ಣುಮಗಳು ‘ಯಣ್ಣಾ, ಮೊದಲ ಅದನ್ನ ತಗೀ, ಆಮ್ಯಾಲ ಸಾಯಿವಂತಿ’ ಅಂದ್ಲು. ತಗದೆ. ನಿಂಬಿಹಣ್ಣಿನ ವಾಸನಿ, ಧೂಳಿನ ವಾಸನಿ ಎರಡೂ ಕೂಡಿ ಮೂಗಿಗೆ ಬಡೀತು, ಅಷ್ಟು ರುಚಿ ಗಾಳಿ ನಾನು ಯಾವತ್ತೂ ತಗೊಂಡಿದ್ದಿಲ್ಲ.

ಆಮ್ಯಾಲ ಗೊತ್ತಾತು, ಇದು ನನ್ನೊಬ್ಬನ ಕಥಿ ಅಲ್ಲ. 2020ರಾಗನ ದಕ್ಷಿಣ ಕೊರಿಯಾದಾಗ ಸಿಒಪಿಡಿ ಇದ್ದ 97 ಮಂದಿಗೆ ಎನ್95 ಹಾಕಿಸಿ ಹತ್ತು ನಿಮಿಷ ಕುಂದ್ರಿಸಿ ಆಮ್ಯಾಲ ಆರು ನಿಮಿಷ ನಡಿಸ್ಯಾರ, ಅದರಾಗ 7 ಮಂದಿಗೆ ತಡಕೊಳ್ಳಾಕ ಆಗಲೇ ಇಲ್ಲ. ಯಾರಿಗೆ ಆಗಲಿಲ್ಲ ಅಂದ್ರ, ಎಫ್‌ಇವಿ1 30 ಪರ್ಸೆಂಟಿಗಿಂತ ಕಡಿಮಿ ಇದ್ದವರಿಗೆ, ಮತ್ತ ಸಾಪ್ ನೆಲದ ಮ್ಯಾಲ ನೂರು ಮೀಟರ್ ನಡದ್ರೂ ನಿಲ್ಲಬೇಕಾಗೋ ಅಂಥವರಿಗೆ ಆ ತ್ರಾಸು ಜಾಸ್ತಿ. ತಡಕೊಂಡವರಿಗೂ ಉಸಿರಾಟದ ವೇಗ, ಬಿಟ್ಟ ಗಾಳ್ಯಾಗಿನ ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್ ಎಲ್ಲಾದರಾಗೂ ಫರಕ್ ಬಂದೈತಿ. ಇದನ್ನ ಕೇಳಿದ ಮ್ಯಾಲ ಸರ್ಜಿಕಲ್ಲಿಂದು ಒಂದು ಮಾತು, ಎನ್95ದು ಇನ್ನೊಂದು ಮಾತು ಅಂತ ತಲ್ಯಾಗ ಕುಂತಿತು. ‘ಮಾಸ್ಕಿನಿಂದ ಏನೂ ಆಗಂಗಿಲ್ಲ ಹಾಕ್ಕೊಳ್ರಿ’ ಅನ್ನೋರೂ ಅದಾರ, ‘ಮಾಸ್ಕ್ ಹಾಕಿದ್ರ ದಮ್ಮಿನವರು ಸಾಯ್ತಾರ’ ಅನ್ನೋರೂ ಅದಾರ, ಇಬ್ಬರೂ ಯಾವ ಮಾಸ್ಕ್, ಎಷ್ಟು ದಮ್ಮು, ಕುಂತಾಗೋ ನಡ್ಯಾಗೋ ಅಂತ ಹೇಳಂಗಿಲ್ಲ.

ನಾನು ಮನ್ಯಾಗ ಮಾಳಿಗಿ ಮ್ಯಾಲ ನನ್ನದ ಒಂದು ಟೆಸ್ಟ್ ಮಾಡಿದೆ. ಬೆಳಿಗ್ಗೆ ತಂಪು ಹೊತ್ತಿನ್ಯಾಗ, ದಿನಕ್ಕ ಒಂದು ಮಾಸ್ಕ್, ಆರು ನಿಮಿಷ ನಡ್ಯೋದು, ಬೆರಳಿಗೆ ಆಕ್ಸಿಮೀಟರ್. ನಮ್ಮಾಕಿ ಕುರ್ಚಿ ಹಾಕ್ಕೊಂಡು ಮೊಬೈಲಿನ್ಯಾಗ ಟೈಮ್ ನೋಡೋದು. ಕುಂತಾಗ ನಂದು 94. ಮಾಸ್ಕ್ ಇಲ್ಲದ ನಡದ್ರ 90. ತ್ರೀ ಪ್ಲೈ ಹಾಕ್ಕೊಂಡು ನಡದ್ರ ಒಂದಿನ 90, ಒಂದಿನ 91. ಎನ್95 ಹಾಕ್ಕೊಂಡು ನಡದ್ರ 89. ನೋಡ್ರಿ, ಒಂದು ಪಾಯಿಂಟಿನ ಆಟ, ಅಷ್ಟು ಫರಕ್ ಆ ಮಷಿನ್ ಸುಮ್ಮನೂ ತೋರಿಸ್ತೈತಿ. ಆದ್ರ ದಮ್ಮು? ಮಾಸ್ಕ್ ಇಲ್ಲದ್ದಕ್ಕ ಹತ್ತರಾಗ ಮೂರು ಅಂದ್ರ ಎನ್95ಗೆ ಆರು.

ಇದ ನನಗ ಬಗೆಹರಿಯದ ಒಗಟು ಆಗಿತ್ತು, ಆಕ್ಸಿಜನ್ ಅಷ್ಟ ಐತಿ, ಮತ್ತ್ಯಾಕ ಇಷ್ಟು ಉಸಿರು ಕಟ್ತೈತಿ? ಮುಂದಿನ ಚೆಕಪ್ಪಿನಾಗ ಡಾಕ್ಟ್ರನ್ನ ಕೇಳಿದೆ, ಅವತ್ತು ಪುಣ್ಯಕ್ಕ ಗದ್ದಲ ಇರಲಿಲ್ಲ. ಅವರು ಹೇಳಿದ್ದನ್ನ ನನ್ನ ಭಾಷ್ಯಾಗ ಹೇಳ್ತೀನಿ. ನಮ್ಮಂಥವರ ಎದ್ಯಾಗ ಗಾಳಿ ಒಳಗ ಹೋಗೋದಕ್ಕಿಂತ ಹೊರಗ ಬರೋದು ಕಷ್ಟ, ನಳಿಗಳು ಸಣ್ಣಾಗಿರ್ತಾವ, ಹಳೇ ಗಾಳಿ ಪೂರ್ತಿ ಖಾಲಿ ಆಗೋದ್ರೊಳಗ ಹೊಸಾ ಉಸಿರು ತಗೋಬೇಕಾಗ್ತೈತಿ. ಸ್ಟ್ಯಾಂಡಿನ್ಯಾಗ ಇಳಿಯೋ ಮಂದಿ ಇಳಿಯೋದ್ರೊಳಗ ಹತ್ತೋರು ನುಗ್ಗಿದ್ರ ಬಾಗಿಲದಾಗ ಏನಾಗ್ತೈತಿ ಅಂತ ನನಗ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಮುಂದ ಮಾಸ್ಕ್ ಇನ್ನೊಂದು ಬಾಗಿಲು. ಎರಡನೇದು, ಮಾರಿಗೆ ತಂಪು ಗಾಳಿ ತಾಗಿದ್ರ ಮಿದುಳಿಗೆ ಉಸಿರು ಸಿಗಾಕತ್ತೈತಿ ಅನ್ನೋ ಸಮಾಧಾನ ಸಿಗ್ತೈತಿ, ಅದಕ್ಕ ದಮ್ಮು ಹತ್ತಿದವರ ಮಾರಿಗೆ ಸಣ್ಣ ಫ್ಯಾನ್ ಹಿಡೀರಿ ಅಂತಾರ. ಮಾಸ್ಕಿನೊಳಗ ಬಿಸಿ, ಹಸಿ ಗಾಳಿ, ಮಾರಿಗೆ ತಂಪು ತಾಗಂಗಿಲ್ಲ, ಅದಕ್ಕ ನಂಬರ್ ಚಲೋ ಇದ್ರೂ ಉಸಿರು ಕಟ್ಟಿದಂಗ. ‘ಹಂಗಂತ ಅದು ಸುಳ್ಳು ಅನುಭವ ಅಲ್ಲ, ತ್ರಾಸು ತ್ರಾಸೇ, ಆದ್ರೆ ಗಾಬರಿ ಆದಷ್ಟೂ ಉಸಿರು ಜೋರಾಗಿ ಇನ್ನೂ ಸಿಕ್ಕಾಕ್ಕೊಳ್ತದೆ’ ಅಂದ್ರು. ಇನ್ನೊಂದು ಮಾತು ಹೇಳಿದ್ರು, ಇದನ್ನ ಎಲ್ಲಾರೂ ಕೇಳ್ರಿ: ಆಕ್ಸಿಮೀಟರ್ ಆಕ್ಸಿಜನ್ ತೋರಿಸ್ತೈತಿ, ಕಾರ್ಬನ್ ಡೈಆಕ್ಸೈಡ್ ತೋರಿಸಂಗಿಲ್ಲ. ಮಾಸ್ಕ್ ಹಾಕ್ಕೊಂಡಾಗ ತಲಿ ನೋವು, ತಲಿ ತಿರುಗೋದು, ತೂಕಡಿಕಿ, ಮಾತು ತಡವರ್ಸೋದು, ಹಿಂಗೇನಾದ್ರೂ ಆದ್ರ ಬೆರಳಿನ ನಂಬರ್ ನೋಡ್ಕೋತ ಕುಂದ್ರಬ್ಯಾಡ್ರಿ, ಮಂದಿಯಿಂದ ಬಾಜೂಕ ಬಂದು ಮಾಸ್ಕ್ ತಗೀರಿ, ಕಡಿಮಿ ಆಗಲಿಲ್ಲಂದ್ರ ಆಸ್ಪತ್ರಿಗೆ ಹೋಗ್ರಿ.

ಉಸಿರು ಬಿಡೋ ರೀತಿನೂ ಕಲಿಸಿದ್ರು. ಮೂಗಿನಿಂದ ತಗೋಬೇಕು, ತುಟಿ ಸಣ್ಣಗ ಮಾಡಿ ತಗೊಂಡಿದ್ದಕ್ಕಿಂತ ಎರಡು ಪಟ್ಟು ಹೊತ್ತು ನಿಧಾನಕ್ಕ ಬಿಡಬೇಕು. ‘ಸೀಟಿ ಊದೋ ಹಂಗೆ’ ಅಂದ್ರು. ನನಗ ನಗು ಬಂತು. ಮೂವತ್ತು ವರ್ಷ ಸೀಟಿ ಊದೀನಿ, ಒಂದು ಸೀಟಿಗೆ ಬಸ್ ನಿಲ್ತಿತ್ತು, ಎರಡಕ್ಕ ಹೋಗ್ತಿತ್ತು. ರಿಟೈರ್ ಆಗೋ ಮುಂಚೆ ಕಡೀ ಎರಡು ವರ್ಷ ಊದಾಕ ದಮ್ಮು ಸಾಲದ ಬಾಗಿಲದ ತಗಡು ಬಡೀತಿದ್ದೆ, ಡ್ರೈವರಿಗೆ ಅಭ್ಯಾಸ ಆಗಿತ್ತು. ಈಗ ಮಾಸ್ಕಿನೊಳಗ ಸಪ್ಪಳ ಇಲ್ಲದ ಸೀಟಿ. ಖರೇ ಹೇಳಬೇಕಂದ್ರ ಇದು ಬಾಳ ಕೆಲಸ ಮಾಡ್ತೈತಿ, ತ್ರೀ ಪ್ಲೈನ್ಯಾಗಂತೂ.

ನಡೂವ ನಮ್ಮಾಕಿದು ಒಂದು ಪ್ರಸಂಗ. 90 ರೂಪಾಯಿ ಮಾಸ್ಕ್ ಎರಡು ದಿನಕ್ಕ ಬಿಸಾಡ್ತೀರೇನು ಅಂತ ಸಿಟ್ಟು ಬಂದು ಎರಡನ್ನ ಸೋಪಿನ ಪುಡ್ಯಾಗ ನೆನಸಿ, ತಿಕ್ಕಿ, ಹಿಂಡಿ, ಕ್ಲಿಪ್ ಹಾಕಿ ಒಣಗಿಸಿಟ್ಟಿದ್ಲು. ಬಟ್ಟಲು ಹೋಗಿ ಚಪಾತಿ ಆಗಿದ್ವು. ಮಗಳು ತಲಿ ಹಿಡ್ಕೊಂಡ್ಲು. ಆಕಿ ಹೇಳೋ ಪ್ರಕಾರ ಆ ಮಾಸ್ಕಿನ ನಡುವಿನ ಪದರು ಜರಡಿ ಅಷ್ಟ ಅಲ್ಲ, ಅದಕ್ಕ ಕರೆಂಟಿನ ಚಾರ್ಜ್ ಕೊಟ್ಟಿರ್ತಾರ, ಬಾಚಣಿಗಿ ತಲಿಗೆ ತಿಕ್ಕಿ ಕಾಗದದ ಚೂರಿನ ಹತ್ರ ಹಿಡದ್ರ ಹೆಂಗ ಎಳ್ಕೊಳ್ತೈತೋ ಹಂಗ ಸಣ್ಣ ಕಣ ಎಳ್ಕೋತೈತಿ. ಸೋಪಿನ್ಯಾಗ ತೊಳದ್ರ ಆ ಚಾರ್ಜ್ ಹೋತು, ಉಳಿಯೋದು ದಪ್ಪ ಅರಿವಿ. ತೊಳೀಬ್ಯಾಡ್ರಿ, ಸ್ಯಾನಿಟೈಸರ್ ಹೊಡೀಬ್ಯಾಡ್ರಿ. ಒಣಾ ಇದ್ರ, ಆಕಾರ ಕೆಟ್ಟಿಲ್ಲಂದ್ರ, ಎಲಾಸ್ಟಿಕ್ ಗಟ್ಟಿ ಇದ್ರ ಕಾಗದದ ಚೀಲದಾಗ ಇಟ್ಟು ನಾನು ಮತ್ತ ಹಾಕ್ಕೋತೀನಿ, ಉಸಿರು ಎಳ್ಯಾಕ ಮೊದಲಿಗಿಂತ ಬಿಗಿ ಅನ್ನಿಸಿದ ದಿನ ಧೂಳು ತುಂಬೈತಿ ಅಂತ ಬಿಸಾಡ್ತೀನಿ.

ನಾಕನೇದು, ಈಗ ನಾನು ಧೂಳಿಗೆ ಹಾಕ್ಕೊಳ್ಳೋದು, ವಾಲ್ವ್ ಇರೋ ಎಫ್‌ಎಫ್‌ಪಿ2. ಮಡಚಿ ಕಿಸೆದಾಗ ಇಟ್ಕೊಳ್ಳೋ ಥರದ್ದು, ಐಎಸ್ 9473 ಅಚ್ಚು ಐತಿ, 140 ರೂಪಾಯಿ ಕೊಟ್ಟೆ. ಮುಂದ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು ಪ್ಲಾಸ್ಟಿಕ್ ಗುಂಡಿ, ಅದರೊಳಗ ತೆಳ್ಳನ ರಬ್ಬರ್ ಪರದಿ. ಉಸಿರು ಎಳದ್ರ ಪರದಿ ಮುಚ್ಕೋತೈತಿ, ಬಿಟ್ರ ತೆಗೀತೈತಿ. ಕನ್ನಡಿ ಮುಂದ ನಿಂತು ಬ್ಯಾಟರಿ ಹಿಡಿದು ಅದು ಪಟಪಟ ಅನ್ನೋದನ್ನ ಒಂದು ಐದು ನಿಮಿಷ ನೋಡಿರಬೇಕು ನಾನು, ಸಣ್ಣ ಹುಡುಗರಂಗ. ಎಳ್ಯೋವಾಗ ಎನ್95ನಷ್ಟ ಬಿಗಿ, ಅದರಾಗ ಮೋಸ ಇಲ್ಲ. ಆದ್ರ ಬಿಡೋವಾಗ ಹಗುರ, ಬಿಸಿ ಗಾಳಿ ಹೊರಗ ಹೋಗ್ತೈತಿ, ಮಾರಿ ಬೆವರೋದು ಕಡಿಮಿ. ನಮ್ಮ ರೋಗನ ಬಿಡೋ ಉಸಿರಿಂದು, ಹಿಂಗಾಗಿ ನನಗ ಇದು ಹೊಂದಿತು. ಅದ ಮಿಲ್ ಲೈನಿನ್ಯಾಗ ಕಾಲು ತಾಸು, ನಡುವ ಎರಡು ಸಲ ನಿಂತು, ಹೋಗಿ ಬಂದೆ. ಕಣ್ಣಿನ ಕೆಳಗ ಕರಿ ಗೆರಿ ಇರಲಿಲ್ಲ. ರಾತ್ರಿ ಕಫದಾಗ ಕರಿ ಬರಲಿಲ್ಲ, ಇದು ಬರೆಯೋ ಮಾತಲ್ಲ ಆದ್ರೂ ನಮ್ಮಂಥವರು ನೋಡೋದು ಅದನ್ನ.

ಇದರ ದೋಷ ಒಂದು, ನಾವು ಬಿಟ್ಟ ಉಸಿರು ಸೋಸದ ಹೊರಗ ಹೋಗ್ತೈತಿ. 2020ರ ಜುಲೈನಾಗ ಕೇಂದ್ರ ಆರೋಗ್ಯ ಇಲಾಖಿಯವರು ವಾಲ್ವ್ ಇರೋ ಎನ್95 ಬ್ಯಾಡ ಅಂತ ರಾಜ್ಯಗಳಿಗೆ ಪತ್ರ ಬರದಿದ್ದು ಇದಕ್ಕ. ನನಗ ನೆಗಡಿ ಇದ್ದು ಇದನ್ನ ಹಾಕ್ಕೊಂಡು ಬಸ್ ಹತ್ತಿದ್ರ ಬಾಜೂ ಕುಂತವರಿಗೆ ಉಪಯೋಗ ಕಡಿಮಿ. ಅದಕ್ಕ ಧೂಳಿಗೆ ವಾಲ್ವ್, ಮಂದ್ಯಾಗ ತ್ರೀ ಪ್ಲೈ, ಹಿಂಗ ಹಂಚಿಕೊಂಡೀನಿ. ಎರಡನೇ ದೋಷ, ಎಲಾಸ್ಟಿಕ್. ಎರಡನೇ ತಿಂಗಳಿಗೆ ಕುತ್ತಿಗಿದು ಪಿನ್ ಹೊಡ್ದ ಕಡೆ ಕಿತ್ತು ಬಂತು, ಅದೂ ಬಸ್ ಸ್ಟ್ಯಾಂಡಿನ್ಯಾಗ, ಟಪ್ ಅಂತ ಕಿವಿಗೆ ಬಡೀತು. 140 ರೂಪಾಯಿಗೆ ಒಂದು ಹೊಲಿಗಿ ಹಾಕಾಕ ಏನಾಗಿತ್ತು ಇವರಿಗೆ? ಕಂಪನಿ ಹೆಸರು ಬರೀಲಿಲ್ಲ ಅಂತ ಬೈಬ್ಯಾಡ್ರಿ, ಒಂದು ಕಿತ್ತಿದ್ದಕ್ಕ ಹೆಸರು ಕೆಡಿಸೋದು ಬ್ಯಾಡ, ಉಳಿದ ಮೂರು ಗಟ್ಟಿ ಅದಾವ. ತಗೊಳ್ಳೋವಾಗ ಎಲಾಸ್ಟಿಕ್ ಒಮ್ಮೆ ಜಗ್ಗಿ ನೋಡ್ರಿ ಅಷ್ಟ.

ಬ್ಯಾಸಗಿ ಬಗ್ಗೆ ಬ್ಯಾರೇನ ಹೇಳಬೇಕು. ಏಪ್ರಿಲ್ ಮೇನಾಗ ನಮ್ಮಲ್ಲಿ ನಲವತ್ತು ದಾಟ್ತೈತಿ, ಆಗ ಮಧ್ಯಾಹ್ನ ಯಾವ ಮಾಸ್ಕೂ ಆಗಂಗಿಲ್ಲ, ವಾಲ್ವಿಂದೂ ಆಗಂಗಿಲ್ಲ. ತ್ರೀ ಪ್ಲೈ ಬೆವತು ಮೂಗಿಗೆ ಅಂಟಿ ಉಸಿರು ಎಳದಾಗೆಲ್ಲಾ ಒಳಗ ಬರ್ತೈತಿ. ಹಸಿ ಆದ ಕೂಡಲೇ ಬದಲ ಮಾಡಬೇಕು, ಅದಕ್ಕ ಕಿಸೆದಾಗ ಎರಡು ಜಾಸ್ತಿ ಇಟ್ಟಿರ್ತೀನಿ. ಆ ದಿನಗಳಾಗ ನಾನು ಹೊರಗಿನ ಕೆಲಸ ಬೆಳಿಗ್ಗೆ ಎಂಟರೊಳಗ ಮುಗಿಸ್ತೀನಿ. ಹೊಂಡೋ ಹತ್ತು ಹದಿನೈದು ನಿಮಿಷ ಮುಂಚೆ ಡಾಕ್ಟ್ರು ಬರಕೊಟ್ಟ ಇನ್ಹೇಲರ್ ಎಳ್ಕೊಂಡು, ಉಸಿರು ಬಿಚ್ಚಿದ ಮ್ಯಾಲ ಮಾಸ್ಕ್. ಮಾಸ್ಕ್ ಹಾಕ್ಕೊಂಡು ಮೆಟ್ಟಲ ಹತ್ತಂಗಿಲ್ಲ, ಭಾರ ಎತ್ತಂಗಿಲ್ಲ. ಅಂಜನಾದ್ರಿಗೆ ನಮ್ಮಾಕಿ ಹರಕಿ ಇತ್ತು, 575 ಮೆಟ್ಟಲ, ಆಕಿ ಹತ್ತಿದ್ಲು, ನಾನು ಕೆಳಗ ಮರದ ನೆರಳಾಗ ಮಾಸ್ಕ್ ಕಿಸೆದಾಗ ಇಟ್ಟು ಕಬ್ಬಿನ ಹಾಲು ಕುಡಕೋತ ಕುಂತೆ. ಹನುಮಪ್ಪ ಗಾಳಿ ಮಗ ಅಲ್ಲೇನು, ನನ್ನ ಕಷ್ಟ ಆತಗ ಗೊತ್ತಿರ್ತೈತಿ.

ಮನ್ಯಾಗ ಆಕ್ಸಿಜನ್ ಹಚ್ಕೊಳ್ಳೋರು ಇದ್ರ, ಮೂಗಿನ ನಳಿಗಿ ಮ್ಯಾಲ ಸರ್ಜಿಕಲ್ ಮಾಸ್ಕ್ ಹಾಕ್ಕೊಬಹುದು ಅಂತ ಡಾಕ್ಟ್ರು ಹೇಳಿದ್ರು, ನನಗ ಆ ಅನುಭವ ಇಲ್ಲ. ಮಲಗೋವಾಗ ಮಾಸ್ಕ್ ಹಾಕ್ಕೊಂಡು ಮಲಗಬ್ಯಾಡ್ರಿ. ಮನೀ ಒಳಗ ಊದಬತ್ತಿ, ಸೊಳ್ಳಿ ಬತ್ತಿ ಹಚ್ಚಿ ಹೊರಗ ಹೋಗೋವಾಗ ಮಾಸ್ಕ್ ಹಾಕ್ಕೊಳ್ಳೋರು ನಮ್ಮ ಬಳಗದಾಗ ಇಬ್ಬರು ಅದಾರ, ಅವರಿಗೆ ಏನು ಹೇಳೋದು.

ಮಂದಿ ಬಗ್ಗೆ ಬರೀಲಿಲ್ಲಂದ್ರ ರಿವ್ಯೂ ಅರ್ಧ. ಈಗ ಮಾಸ್ಕ್ ಹಾಕ್ಕೊಂಡು ಬಸ್ ಹತ್ತಿದ್ರ ಬಾಜೂ ಸೀಟು ಖಾಲಿ ಉಳೀತೈತಿ. ಒಬ್ಬರು ಕೇಳೇಬಿಟ್ರು, ‘ಏನ್ರಿ ಯಜಮಾನ್ರ, ಟಿಬಿ ಏನು?’ ಮೊದಲ ಸಿಟ್ಟು ಬರ್ತಿತ್ತು, ಈಗ ‘ಇಲ್ರಿ, ನಿಮ್ಮ ನೆಗಡಿ ನನಗ ಬರಬಾರದು ಅಂತ’ ಅಂತೀನಿ. ಇನ್ನು ಕಂಡಕ್ಟರ್ ಹುಡುಗರು ನನ್ನನ್ನ ಮಾಸ್ಕಿನ್ಯಾಗ ಗುರುತು ಹಿಡಿಯಂಗಿಲ್ಲ, ಟಿಕೀಟು ಕೇಳಿ ಆಮ್ಯಾಲ ದನಿ ಕೇಳಿ ‘ಅಯ್ಯ ಕಾಕಾ ನೀವ’ ಅಂತಾರ.

ಕಡೀಗೆ ನಂಬರ್ ಕೊಡ್ರಿ ಅಂದ್ರ ಕೊಡ್ತೀನಿ, ಇದು ನನ್ನ 44 ಪರ್ಸೆಂಟ್ ಎದೆ ಲೆಕ್ಕ. ತ್ರೀ ಪ್ಲೈಗೆ ಮಂದ್ಯಾಗ ಐದಕ್ಕ ನಾಕು, ಧೂಳಾಗ ಒಂದು. ವಾಲ್ವ್ ಇರೋ ಎಫ್‌ಎಫ್‌ಪಿ2ಗೆ ಧೂಳಾಗ ನಾಕು, ಎಲಾಸ್ಟಿಕ್ ಕಿತ್ತಿದ್ದಕ್ಕ ಅರ್ಧ ಕಟ್. ವಾಲ್ವ್ ಇಲ್ಲದ ಎನ್95, ಮಾಸ್ಕ್ ಅಂತ ನೋಡಿದ್ರ ಅಪ್ಪಟ, ನನಗ ಅಂತ ನೋಡಿದ್ರ ಕುಂತಲ್ಲೇ ಕುಂದ್ರೋದಿದ್ರ ಮಾತ್ರ, ಎರಡೂವರಿ. ಒಮ್ಮೆ ಆಸ್ಪತ್ರ್ಯಾಗ ಬಾಜೂ ಬೆಡ್ಡಿನವರಿಗೆ ಫ್ಲೂ ಐತಿ ಅಂದಾಗ ಅದನ್ನ ಹಾಕ್ಕೊಂಡು ಒಂದು ತಾಸು ಕುಂತಿದ್ದೆ, ಸುಮ್ಮ ಕುಂತ್ರ ನಡೀತೈತಿ. ಟವೆಲ್ಲಿಗೆ ನಂಬರ್ ಇಲ್ಲ, ಹೆಗಲಿಗೆ ಚಂದ ಕಾಣ್ತೈತಿ. ಹೊಸದಾಗಿ ತಗೊಳ್ಳೋರು ಐದು ಹತ್ತು ಒಮ್ಮೆಲೇ ತರಬ್ಯಾಡ್ರಿ, ಒಂದ ತಂದು ಮೊದಲ ಕುಂತು, ಆಮ್ಯಾಲ ಮನೀ ಮುಂದ ನಡದು, ಬಾಜೂಕ ಒಬ್ಬರು ಇದ್ದಾಗ ನೋಡ್ರಿ.

ಈ ವಾರ ಮತ್ತ ಮಷಿನ್ ಹೊಲಕ್ಕ ಇಳಿದಾವ. ಮಾಳಿಗಿ ಮ್ಯಾಲಿನ ಬನಿಯನ್ ನಮ್ಮಾಕಿ ಒಳಗ ತಂದು ಹಗ್ಗ ಕಟ್ಯಾಳ. ಮಗಳಿಗೆ ಇನ್ನೊಂದು ಬಾಕ್ಸ್ ತ್ರೀ ಪ್ಲೈ, ಎರಡು ವಾಲ್ವಿಂದು ತರಾಕ ಹೇಳೀನಿ, ಎಲಾಸ್ಟಿಕ್ ಹೊಲಿದಿದ್ದು ಸಿಕ್ರ ನೋಡು ಅಂತಾನೂ ಹೇಳೀನಿ.